ಕಟ್ಟುವ ವಿದ್ಯೆಗೆ ಕಡಲು ದಾಟಬೇಕೆ?

ಹೊಳೆನರಸೀಪುರ ತಾಲ್ಲೂಕಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಶ್ರೀರಾಮದೇವರ ಕಟ್ಟೆ ಇದೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೇಪುರದ ಕಟ್ಟೆ ಇದೆ. ಎರಡೂ ಹಳೆಯ ಅರಸರ ಕಾಲದವು. ಎರಡರಿಂದಲೂ ಹೊರಟ ನಾಲೆಗಳು ಇಂದಿಗೂ ಗದ್ದೆಗೆ ನೀರುಣಿಸುತ್ತವೆ. ಇವನ್ನು ಕಟ್ಟಿದವರು ಯಾವ ಕಾಲೇಜಿನಲ್ಲಿ ಓದಿದ್ದರು ಎಂದು ಕೇಳಿದರೆ ಊರಿನ ಹಿರಿಯರು ನಕ್ಕಾರು. ಹೊಳೆಯ ಓಟ ನೋಡಿ, ಕಲ್ಲಿನ ಗುಣ ಅರಿತು, ತಲೆಮಾರಿನಿಂದ ತಲೆಮಾರಿಗೆ ಬಂದ ಕಸುಬಿನಿಂದ ಕಟ್ಟಿದವರು ಅವರು.

ಈಗ ಅದೇ ನಾಲೆಗಳ ಕೆಳಗಿನ ಮನೆಗಳಲ್ಲಿ ಬೇರೊಂದು ಮಾತು ನಡೆಯುತ್ತದೆ. ಮಗನಿಗೋ ಮಗಳಿಗೋ ಸಿವಿಲ್ ಎಂಜಿನಿಯರಿಂಗ್ ಮೇಲೆ ಮನಸ್ಸು. ಜರ್ಮನಿಯೋ, ಅಮೆರಿಕವೋ, ಆಸ್ಟ್ರೇಲಿಯವೋ? ಯಾವ ಕಾಲೇಜು? ಅರಕಲಗೂಡು ಕಡೆ ಹೊಗೆಸೊಪ್ಪಿನ ಹಣ, ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದ ಹಣ, ಹಾಸನದ ಸುತ್ತ ಆಲೂಗೆಡ್ಡೆಯ ಹಣ. ಅದು ಸಾಲದಿದ್ದರೆ ಬ್ಯಾಂಕಿನ ಸಾಲ, ಅದಕ್ಕೆ ಜಮೀನಿನ ಆಧಾರ. ತಪ್ಪು ಕಾಲೇಜು ಆರಿಸಿದರೆ ಕಳೆದುಹೋಗುವುದು ಹುಡುಗನ ಎರಡು ವರ್ಷ ಮಾತ್ರ ಅಲ್ಲ, ಮನೆಯ ಎರಡು ಎಕರೆಯೂ ಹೋದೀತು.

ಇಷ್ಟೊಂದು ಪಣವಿರುವ ಈ ಆಯ್ಕೆಗೆ ಸುಮಾರು ಒಂದೂವರೆ ಶತಮಾನದ ಚರಿತ್ರೆ ಇದೆ. ಕಟ್ಟುವ ವಿದ್ಯೆ ಕಸುಬಿನ ಮನೆಯಿಂದ ಕಾಲೇಜಿನ ಕೊಠಡಿಗೆ ಹೋದ ದಿನದಿಂದಲೇ ಅದು ಶುರುವಾಯಿತು.

ಪುಣೆಗೆ ಹೋದ ಮೈಸೂರಿಗ

ಭಾರತದಲ್ಲಿ ಎಂಜಿನಿಯರಿಂಗ್ ಶಿಕ್ಷಣ ಬಂದದ್ದು ಬ್ರಿಟಿಷ್ ಸರ್ಕಾರದ ಅಗತ್ಯಕ್ಕೆ. ರಸ್ತೆ, ಕಾಲುವೆ, ಸೇತುವೆಗಳ ಕೆಲಸ ನೋಡಿಕೊಳ್ಳಲು ಕೈಕೆಳಗಿನವರು ಬೇಕಾಗಿದ್ದರು. ಮದರಾಸಿನಲ್ಲಿ 1794ರಲ್ಲೇ ಸರ್ವೆ ಶಾಲೆ ಹುಟ್ಟಿತು. ಮುಂದೆ ಅದೇ ಗಿಂಡಿಯ ಎಂಜಿನಿಯರಿಂಗ್ ಕಾಲೇಜಾಯಿತು. ಗಂಗಾ ಕಾಲುವೆಯ ಕೆಲಸದ ನೆರಳಿನಲ್ಲಿ 1847ರಲ್ಲಿ ರೂರ್ಕಿಯ ಕಾಲೇಜು ಬಂತು. ಪುಣೆಯಲ್ಲಿ 1854ರಲ್ಲಿ ಆರಂಭವಾದ ಎಂಜಿನಿಯರಿಂಗ್ ತರಗತಿ ಬೆಳೆದು ಕಾಲೇಜಾಗಿ, ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತು. ಮೈಸೂರು ಸಂಸ್ಥಾನದಲ್ಲಿ ಪದವಿ ಕೊಡುವ ಒಂದೂ ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ.

ಆದ್ದರಿಂದ 1880ರ ದಶಕದ ಆರಂಭದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮುದ್ದೇನಹಳ್ಳಿಯ ಯುವಕನೊಬ್ಬ ಎಂಜಿನಿಯರ್ ಆಗಬೇಕಾದರೆ ಸಂಸ್ಥಾನದ ಗಡಿ ದಾಟಲೇಬೇಕಿತ್ತು. ಆತ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಸೆಂಟ್ರಲ್ ಕಾಲೇಜು ಆಗ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಹಾಗಾಗಿ ಮದರಾಸೇ ಸಹಜವಾದ ದಾರಿ ಅನ್ನಿಸಬಹುದು. ಆದರೆ ಅವರು ಹೋದದ್ದು ಪುಣೆಯ ಸೈನ್ಸ್ ಕಾಲೇಜಿಗೆ. ಖರ್ಚಿಗೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಇತ್ತು.

ಪಾಸ್‌ಪೋರ್ಟು ಬೇಕಿರಲಿಲ್ಲ ಎಂಬುದನ್ನು ಬಿಟ್ಟರೆ ಇದು ಪರದೇಶದ ವ್ಯಾಸಂಗಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಮೈಸೂರು 1881ರಲ್ಲಷ್ಟೇ ಕಮೀಷನರುಗಳ ಆಡಳಿತದಿಂದ ಒಡೆಯರ ಕೈಗೆ ಮರಳಿದ ಸಂಸ್ಥಾನ. ಪುಣೆ ಬ್ರಿಟಿಷರ ಮುಂಬಯಿ ಪ್ರಾಂತ್ಯ. ಬೀದಿಯಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷು. ಸರ್ಕಾರ ಬೇರೆ, ವಿಶ್ವವಿದ್ಯಾಲಯ ಬೇರೆ, ಪದವಿಯ ಹೆಸರೂ ಬೇರೆ: ಎಲ್.ಸಿ.ಇ., ಅಂದರೆ ಸಿವಿಲ್ ಎಂಜಿನಿಯರಿಂಗ್‌ನ ಲೈಸೆನ್ಶಿಯೇಟ್.

ಪುಣೆಯ ಕಾಲೇಜಿಗೆ ಒಂದು ದೊಡ್ಡ ಅನುಕೂಲವಿತ್ತು. ಅಲ್ಲಿನ ಅಂತಿಮ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸದ ಖಾತರಿ. ವಿಶ್ವೇಶ್ವರಯ್ಯ 1883ರಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. 1884ರಲ್ಲಿ ಸಹಾಯಕ ಎಂಜಿನಿಯರ್ ಆಗಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು.

ಇಲ್ಲಿಯೇ ಒಂದು ಸೋಜಿಗ. ಓದಿಸಿದ್ದು ಮೈಸೂರಿನ ಬೊಕ್ಕಸ. ದುಡಿಸಿಕೊಂಡದ್ದು ಮುಂಬಯಿ ಪ್ರಾಂತ್ಯ. ಒಂದೆರಡು ವರ್ಷವಲ್ಲ, 1908ರ ತನಕ, ಸುಮಾರು 24 ವರ್ಷ. 'ಪ್ರತಿಭಾ ಪಲಾಯನ' ಎಂಬ ಪದ ಆಗ ಇದ್ದಿದ್ದರೆ ಮೈಸೂರಿನ ಪತ್ರಿಕೆಗಳು ಧಾರಾಳವಾಗಿ ಬಳಸುತ್ತಿದ್ದವೇನೋ. ಆದರೆ ಆ 24 ವರ್ಷ ಮೈಸೂರಿಗೆ ನಷ್ಟವೇ ಆಯಿತೆಂದು ಹೇಳುವುದೂ ಕಷ್ಟ. ಸಿಂಧ್‌ನ ಸುಕ್ಕೂರಿನಲ್ಲಿ ಕುಡಿಯುವ ನೀರಿನ ಯೋಜನೆ, ಪುಣೆಯ ಬಳಿ ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ತೂಬುಗಳು, ಕಡಲಾಚೆಯ ಏಡನ್ನಿನಲ್ಲಿ ನೀರು ಮತ್ತು ಒಳಚರಂಡಿಯ ವರದಿ, ಹೀಗೆ ಬೇರೆಯವರ ಖರ್ಚಿನಲ್ಲಿ ಅವರು ಪಳಗಿದರು. 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದಾಗ ಆ ಅನುಭವವೆಲ್ಲ ಜೊತೆಗೆ ಬಂತು. 1911ರಲ್ಲಿ ಕನ್ನಂಬಾಡಿಯಲ್ಲಿ ಕೆಲಸ ಶುರುವಾಯಿತು. ಖಡಕ್‌ವಾಸ್ಲಾದಲ್ಲಿ ಪರೀಕ್ಷೆಯಾದ ಬಗೆಯ ತೂಬುಗಳು ಕೃಷ್ಣರಾಜಸಾಗರದ ಗೋಡೆಗೂ ಬಂದವು. ಹೊಳೆನರಸೀಪುರವನ್ನು ಹಾದುಹೋಗುವ ಹೇಮಾವತಿ ಹರಿದು ಕೊನೆಗೆ ನಿಲ್ಲುವುದು ಆ ಗೋಡೆಯ ಹಿಂದೆಯೇ.

ಅದೇ ಓರಗೆಯ ಚೀನೀ ಹುಡುಗ

ಪುಣೆಯ ಈ ಕಥೆಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಇನ್ನೂ ನಿಚ್ಚಳವಾಗುತ್ತದೆ. ವಿಶ್ವೇಶ್ವರಯ್ಯನವರ ಓರಗೆಯವನೇ ಆದ ಜಾನ್ ಟಿಯೆನ್ಯೂ ಎಂಬ ಚೀನೀ ಹುಡುಗ 1872ರಲ್ಲಿ, ಇನ್ನೂ ಹನ್ನೊಂದರ ಪ್ರಾಯದಲ್ಲಿ, ಸರ್ಕಾರದ ಖರ್ಚಿನಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ. ನಾಲ್ಕು ವರ್ಷಗಳಲ್ಲಿ ಚೀನಾ ಹೀಗೆ 120 ಹುಡುಗರನ್ನು ಕಳಿಸಿತು. ಅವರು ಅಮೆರಿಕದ ಕುಟುಂಬಗಳ ಮನೆಗಳಲ್ಲಿ ಉಳಿದು ಓದಿದರು. ಜಾನ್ 1881ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ.

ಅದೇ ವರ್ಷ ಪೆಕಿಂಗಿನ ಸರ್ಕಾರಕ್ಕೆ ಹುಡುಗರು ಕೆಟ್ಟುಹೋಗುತ್ತಿದ್ದಾರೆ ಎಂಬ ಅನುಮಾನ ಬಂದು ಎಲ್ಲರನ್ನೂ ವಾಪಸು ಕರೆಸಿಕೊಂಡಿತು. ಹೆಚ್ಚಿನವರ ಪದವಿ ಅರ್ಧಕ್ಕೇ ನಿಂತಿತು. ಪದವಿ ಪೂರೈಸಿ ಬಂದವರು ಇಬ್ಬರೇ, ಅವರಲ್ಲಿ ಜಾನ್ ಒಬ್ಬ. ಬಂದವನಿಗೆ ಸಿಕ್ಕಿದ್ದೇನು? ರೈಲು ಕಟ್ಟುವುದನ್ನು ಕಲಿತವನನ್ನು ಸರ್ಕಾರ ಫುಚೌವಿನ ನೌಕಾಶಾಲೆಗೆ ಕಳಿಸಿತು. ಹಡಗು ನಡೆಸುವುದನ್ನು ಕಲಿಸಿ, ಮೇಷ್ಟರ ಕೆಲಸಕ್ಕೆ ಹಚ್ಚಿತು. ರೈಲ್ವೆ ಕಂಪನಿಯಲ್ಲಿ ಕೆಲಸ ಸಿಗಬೇಕಾದರೆ 1888ರ ತನಕ ಕಾಯಬೇಕಾಯಿತು. ಪೆಕಿಂಗಿನಿಂದ ಬೆಟ್ಟಗಳನ್ನು ದಾಟಿ ಕಾಲ್ಗನಿಗೆ ಹೋಗುವ ರೈಲುದಾರಿಯನ್ನು ವಿದೇಶಿ ಎಂಜಿನಿಯರುಗಳ ನೆರವಿಲ್ಲದೆ 1905ರಿಂದ 1909ರ ನಡುವೆ ಕಟ್ಟಿದಾಗ ಮಾತ್ರ ಅವನ ಯೇಲ್ ಪದವಿಗೆ ತಕ್ಕ ಕೆಲಸ ಸಿಕ್ಕಿತು.

ಪುಣೆಗಿಂತ ಯೇಲ್ ದೊಡ್ಡ ಹೆಸರು. ಆದರೂ ಪುಣೆಯಿಂದ ಹೊರಬಂದವನಿಗೆ ಮರುವರ್ಷವೇ ತನ್ನ ವಿದ್ಯೆಯ ಕೆಲಸ ಸಿಕ್ಕಿತು. ಯೇಲ್‌ನಿಂದ ಬಂದವನು ಏಳು ವರ್ಷ ಕಳೆದುಕೊಂಡ. ವ್ಯತ್ಯಾಸ ಇದ್ದದ್ದು ಪಾಠದ ಗುಣಮಟ್ಟದಲ್ಲಲ್ಲ. ಪುಣೆಯ ಪದವಿಯನ್ನು ನೋಡಿ ಕೆಲಸ ಕೊಡಲು ಕಾದಿದ್ದ ಇಲಾಖೆಯೊಂದಿತ್ತು. ಯೇಲ್‌ನ ಪದವಿಗೆ ಚೀನಾದಲ್ಲಿ ಅಂಥ ಬಾಗಿಲು ಇರಲಿಲ್ಲ.

ಹಾಸನಕ್ಕೇ ಬಂದ ಕಾಲೇಜು

ದಿವಾನರಾದ ಮೇಲೆ ವಿಶ್ವೇಶ್ವರಯ್ಯ ಮಾಡಿದ ಕೆಲಸಗಳಲ್ಲಿ ಒಂದು, ತಾವು ಹೋದ ದಾರಿಯಲ್ಲಿ ಇನ್ನೊಬ್ಬ ಮೈಸೂರಿಗ ಹೋಗಲೇಬೇಕಾದ ಅನಿವಾರ್ಯವನ್ನು ತಪ್ಪಿಸಿದ್ದು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂತು. ಮೊದಲ ವಿಷಯಗಳಲ್ಲಿ ಸಿವಿಲ್ ಸೇರಿತ್ತು. ಈಗ ಆ ಕಾಲೇಜಿಗೆ ಅವರದೇ ಹೆಸರು.

ಹಾಸನದ ಹುಡುಗನಿಗೆ ಬೆಂಗಳೂರು, ಮೈಸೂರುಗಳೂ ಬಹುಕಾಲ ದೂರವೇ ಆಗಿದ್ದವು. ಈ ಸೀಮೆಯಲ್ಲಿ ಸಿವಿಲ್ ವಿದ್ಯೆಯನ್ನು ಮನೆಬಾಗಿಲಿಗೆ ತಂದದ್ದು ಮೊದಲು ಪಾಲಿಟೆಕ್ನಿಕ್. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಪಡೆದವರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರೂ ಒಬ್ಬರು. ಗುತ್ತಿಗೆದಾರರಾಗಿ ಕೆಲಸ ಮಾಡಿ, 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ವಿಧಾನಸಭೆಗೆ ಗೆದ್ದು, ಮುಂದೆ ಲೋಕೋಪಯೋಗಿ ಮತ್ತು ನೀರಾವರಿ ಖಾತೆಗಳನ್ನು ಹಿಡಿದು, 1996ರಲ್ಲಿ ಪ್ರಧಾನಿಯಾದರು. ಅವರ ರಾಜಕೀಯದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯವಿರಲಿ, ನಾಲೆಯ ಲೆಕ್ಕ, ಟಿಎಂಸಿಯ ಲೆಕ್ಕ ಅವರ ಬಾಯಲ್ಲಿ ಸರಾಗ ಎಂಬುದನ್ನು ವಿರೋಧಿಗಳೂ ಅಲ್ಲಗಳೆಯುವುದಿಲ್ಲ.

ಪದವಿ ಕಾಲೇಜು ಬಂದದ್ದು 1960ರಲ್ಲಿ. ಎರಡನೇ ಪಂಚವಾರ್ಷಿಕ ಯೋಜನೆಯಲ್ಲಿ ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ ಮತ್ತು ಮಲೆನಾಡು ತಾಂತ್ರಿಕ ಶಿಕ್ಷಣ ಸಂಸ್ಥೆ ಕೂಡಿ ಹಾಸನದಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜನ್ನು ಸ್ಥಾಪಿಸಿದವು. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಮೂರು ವಿಭಾಗಗಳಿಂದ ಅದು ಶುರುವಾಯಿತು. ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು, 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದಾಗ ಅದರ ಅಡಿಗೆ ಹೋಯಿತು. 2007ರಲ್ಲಿ ಸ್ವಾಯತ್ತ ಕಾಲೇಜಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 1997ರಲ್ಲಿ ಬಾಹುಬಲಿ ಎಂಜಿನಿಯರಿಂಗ್ ಕಾಲೇಜು ಬಂತು. ಹಾಸನದಲ್ಲೇ ನಂತರ ಇನ್ನೂ ಕೆಲವು ಬಂದವು.

ಮಲೆನಾಡು ಕಾಲೇಜಿನ ಮೊದಲ ತಲೆಮಾರಿನ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಕಣ್ಣೆದುರೇ ಏಳುತ್ತಿತ್ತು. ಕಾಲೇಜಿಗೆ ಎಂಟು ವರ್ಷವಾಗುವ ಹೊತ್ತಿಗೆ, 1968ರಲ್ಲಿ, ಹಾಸನದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟಿನ ಕೆಲಸ ಪ್ರಾರಂಭವಾಗಿ 1979ರಲ್ಲಿ ಮುಗಿಯಿತು. ಉದ್ದ 4,692 ಮೀಟರ್, ಸಂಗ್ರಹ 37 ಟಿಎಂಸಿಗೂ ತುಸು ಹೆಚ್ಚು. ಮಣ್ಣಿನ ಏರಿ, ನಡುವೆ ಕಲ್ಲುಕಟ್ಟಡದ ಕೋಡಿ, ಅದಕ್ಕೆ ಆರು ಗೇಟು. ನೀರು ನಿಂತ ಮೇಲೆ ಹಳ್ಳಿಗಳು ಮುಳುಗಿದವು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ್ದ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲಕ್ಕೆ ಮುಳುಗುತ್ತ ಬೇಸಿಗೆಗೆ ಏಳುತ್ತ ಉಳಿಯಿತು. ಹೇಮಾವತಿಯ ನೀರನ್ನು ತುಮಕೂರಿನ ಕಡೆಗೆ ಒಯ್ಯಲು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಿಂದ ನವಿಲೆಯ ತನಕ ನೆಲದಡಿ ಕಿಲೋಮೀಟರುಗಟ್ಟಲೆ ಸುರಂಗ ಕೊರೆದರು. ಸುರಂಗದ ಮೇಲಿನ ಹಳ್ಳಿಗಳವರ ಪರಿಹಾರದ ಹೋರಾಟ ಕಾಮಗಾರಿಗಿಂತಲೂ ಉದ್ದವಾಯಿತು.

ದೊಡ್ಡ ಕಾಮಗಾರಿಯೊಂದನ್ನು ಅಡಿಪಾಯದಿಂದ ಗೇಟಿನ ತನಕ, ಗೇಟಿನಿಂದ ಪರಿಹಾರದ ಕಚೇರಿಯ ತನಕ ನೋಡುವ ಇಂಥ ಅವಕಾಶ ಜಗತ್ತಿನ ಅನೇಕ ಹೆಸರಾಂತ ಕಾಲೇಜುಗಳ ಸುತ್ತ ಸಿಗುವುದಿಲ್ಲ. ಅಲ್ಲೆಲ್ಲ ಅಣೆಕಟ್ಟು ಕಟ್ಟುವ ಕಾಲ ಮುಗಿದಿದೆ.

ಪದವಿ ಒಂದು, ಪರವಾನಗಿ ಇನ್ನೊಂದು

ಹಾಗಿದ್ದೂ ಹೊರದೇಶಕ್ಕೆ ಹೋಗುವವರಿಗೆ ಕಾರಣಗಳಿವೆ. ಭೂಕಂಪ ತಡೆಯುವ ಕಟ್ಟಡ, ಸುರಂಗ, ಕಡಲ ದಂಡೆಯ ರಕ್ಷಣೆ ಮುಂತಾದ ವಿಷಯಗಳಲ್ಲಿ ಅಲ್ಲಿನ ಪ್ರಯೋಗಾಲಯಗಳೇ ಬೇರೆ. ಸಂಬಳವೂ ಬೇರೆ. ಆದರೆ ಸಿವಿಲ್ ಎಂಜಿನಿಯರಿಂಗ್‌ಗೆ ಕಂಪ್ಯೂಟರ್ ವಿದ್ಯೆಗಿಲ್ಲದ ಒಂದು ತೊಡಕಿದೆ. ಹಾಸನದಲ್ಲಿ ಕಲಿತ ಪ್ರೋಗ್ರಾಮಿಂಗ್ ಹ್ಯಾಂಬರ್ಗಿನಲ್ಲೂ ನಡೆಯುತ್ತದೆ. ಸೇತುವೆ ಹಾಗಲ್ಲ, ಅದು ಬಿದ್ದರೆ ಜನ ಸಾಯುತ್ತಾರೆ. ಆದ್ದರಿಂದ ನಕ್ಷೆಗೆ ಯಾರು ಸಹಿ ಹಾಕಬಹುದು ಎಂಬುದನ್ನು ಹಲವು ದೇಶಗಳು ಕಾನೂನಿನಿಂದ ಬಿಗಿ ಮಾಡಿಕೊಂಡಿವೆ. ಕಾಂಕ್ರೀಟಿನ ಲೆಕ್ಕಕ್ಕೆ ಇಲ್ಲಿ ಐಎಸ್ 456, ಯುರೋಪಿನಲ್ಲಿ ಯೂರೋಕೋಡ್. ಎರಡರ ತತ್ವ ಒಂದೇ, ಸಹಿ ಮಾಡುವಾಗ ಮಾತ್ರ ಒಂದರ ಜಾಗದಲ್ಲಿ ಇನ್ನೊಂದು ನಡೆಯುವುದಿಲ್ಲ.

ಅಮೆರಿಕದಲ್ಲಿ ಸಹಿಯ ಹಕ್ಕು ಕೊಡುವುದು ಆಯಾ ರಾಜ್ಯದ ಮಂಡಳಿ. ಅದಕ್ಕೆ ಮೊದಲೊಂದು ಪರೀಕ್ಷೆ, ಅನುಭವದ ವರ್ಷಗಳು, ಮತ್ತೊಂದು ಪರೀಕ್ಷೆ. ಇಲ್ಲಿ ಬಿ.ಇ. ಮಾಡಿ ಅಲ್ಲಿ ಎಂ.ಎಸ್. ಮಾಡುವವರು ಸಾಮಾನ್ಯವಾಗಿ ಗಮನಿಸದ ಸಂಗತಿ ಒಂದಿದೆ. ಅನೇಕ ರಾಜ್ಯಗಳ ಮಂಡಳಿಗಳು ಕೆದಕುವುದು ಮೊದಲ ಪದವಿಯನ್ನು. ಎಂ.ಎಸ್. ಎಷ್ಟೇ ದೊಡ್ಡ ವಿಶ್ವವಿದ್ಯಾಲಯದ್ದಾಗಿರಲಿ, ಹಾಸನದ ಬಿ.ಇ. ಅಂಕಪಟ್ಟಿ ಮತ್ತೆ ಮೇಜಿನ ಮೇಲೆ ಬರುತ್ತದೆ.

ಅಲ್ಲಿ ನೆರವಿಗೆ ಬರುವುದು ವಾಷಿಂಗ್ಟನ್ ಒಪ್ಪಂದ. ಅಮೆರಿಕ, ಕೆನಡ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಈ ಆರು ದೇಶಗಳ ಸಂಸ್ಥೆಗಳು 1989ರಲ್ಲಿ ಮಾಡಿಕೊಂಡ ಕರಾರು ಇದು. ಒಬ್ಬರು ಮಾನ್ಯ ಮಾಡಿದ ಎಂಜಿನಿಯರಿಂಗ್ ಪದವಿಯನ್ನು ಉಳಿದವರೂ ತಮ್ಮದಕ್ಕೆ ಸಮಾನವೆಂದು ಒಪ್ಪಬೇಕು. ಭಾರತದ ರಾಷ್ಟ್ರೀಯ ಮಾನ್ಯತಾ ಮಂಡಳಿ 2014ರ ಜೂನ್‌ನಲ್ಲಿ ಇದರ ಕಾಯಂ ಸದಸ್ಯನಾಯಿತು. ಆದರೆ ಭಾರತದ ಎಲ್ಲ ಕಾಲೇಜುಗಳಿಗೂ ಇದು ಅನ್ವಯಿಸದು. ಮಂಡಳಿ ಮೊದಲ ಶ್ರೇಣಿ ಎಂದು ಕರೆಯುವ, ಅಂದರೆ ವಿಶ್ವವಿದ್ಯಾಲಯಗಳ ಮತ್ತು ಸ್ವಾಯತ್ತ ಕಾಲೇಜುಗಳ ಮಾನ್ಯತೆ ಪಡೆದ ಕೋರ್ಸುಗಳಿಗೆ ಮಾತ್ರ. ಮಾನ್ಯತೆ ಕಾಲೇಜಿಗಲ್ಲ, ಕೋರ್ಸಿಗೆ. ಅದೂ ನಿರ್ದಿಷ್ಟ ವರ್ಷಗಳಿಗೆ. ಕಂಪ್ಯೂಟರ್ ವಿಭಾಗಕ್ಕೆ ಇದ್ದು ಸಿವಿಲ್‌ಗೆ ಇಲ್ಲದಿರಬಹುದು. ಹೊರದೇಶದ ಕನಸಿರುವ ಹುಡುಗಿ ಇಲ್ಲಿ ಬಿ.ಇ.ಗೆ ಸೇರುವ ದಿನವೇ ಈ ಒಂದು ಸಾಲನ್ನು ವಿಚಾರಿಸಬೇಕಾದ್ದು. ಒಪ್ಪಂದ ಪದವಿಯ ಸಮಾನತೆಯನ್ನಷ್ಟೇ ಕೊಡುತ್ತದೆ, ಪರವಾನಗಿಯನ್ನಲ್ಲ ಎಂಬುದೂ ನೆನಪಿರಬೇಕು.

ಜರ್ಮನಿಯಲ್ಲಿ ಫೀಜು ಇಲ್ಲ ಎಂಬ ಮಾತು ಹಾಸನದ ಕಡೆಯೂ ಹರಡಿದೆ. ಅದು ಪೂರ್ತಿ ನಿಜವಲ್ಲ. ಸಿವಿಲ್‌ಗೆ ಹೆಸರಾದ ಸ್ಟುಟ್‌ಗಾರ್ಟ್ ಮತ್ತು ಕಾರ್ಲ್ಸ್‌ರೂಹೆ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೊ ವಿಧಿಸಿತು. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಹೊಸಬರಿಗೆ ಶುಲ್ಕ ಹಾಕಿತು. ಫೀಜು ಇಲ್ಲದ ಕಡೆಯೂ ಒಂದು ವರ್ಷದ ಊಟ-ವಸತಿಯ ಹಣ ಮೊದಲೇ ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರಿನ ಲೆಕ್ಕದಲ್ಲಿ ಅದು 11,904 ಯೂರೊ. ಪಾಠ ಇಂಗ್ಲಿಷಿನಲ್ಲಿ ಸಿಕ್ಕೀತು, ಕಾಮಗಾರಿಯ ಜಾಗದಲ್ಲಿ ಮೇಸ್ತ್ರಿಯೊಡನೆ ಜರ್ಮನ್ ಮಾತಾಡದೆ ನಡೆಯದು. ವಿಶ್ವೇಶ್ವರಯ್ಯ ಪುಣೆಯಲ್ಲಿ ಮರಾಠಿಯ ನಡುವೆ ಬದುಕಿದ ಹಾಗೆಯೇ.

ಮರಳಿ ಬರುವವರ ಕಥೆ ಇನ್ನೊಂದು. ಮೊದಲ ಪದವಿಯನ್ನೇ ಹೊರದೇಶದಲ್ಲಿ ಮಾಡಿ ಬಂದವನು ಇಲ್ಲಿ ಲೋಕೋಪಯೋಗಿ ಇಲಾಖೆಯ ಹುದ್ದೆಗೆ ಅರ್ಜಿ ಹಾಕಬೇಕಾದರೆ ತನ್ನ ಪದವಿ ಭಾರತದ ಬಿ.ಇ.ಗೆ ಸಮಾನವೆಂದು ತೋರಿಸಬೇಕು. ಬಹುಕಾಲ ಆ ಪತ್ರ ಕೊಡುತ್ತಿದ್ದುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. 2025ರಲ್ಲಿ ಯುಜಿಸಿ ಇದಕ್ಕಾಗಿಯೇ ಹೊಸ ನಿಯಮ ತಂದಿತು. ಇಲ್ಲಿನ ಒಂದು ವಿಚಿತ್ರವನ್ನೂ ಹೇಳಬೇಕು: ಕಟ್ಟಡದ ರೂಪ ಬಿಡಿಸುವ ಆರ್ಕಿಟೆಕ್ಟರಿಗೆ 1972ರಲ್ಲೇ ದೇಶವ್ಯಾಪಿ ಕಾಯ್ದೆ ಬಂತು. ಆ ಕಟ್ಟಡ ನಿಲ್ಲುವಂತೆ ನೋಡುವ ಎಂಜಿನಿಯರಿಗೆ ಅಂಥ ಕಾಯ್ದೆಯ ಮಾತು ದಶಕಗಳ ಕಾಲ ಕರಡಿನಲ್ಲೇ ಓಡಾಡಿತು.

ಅತ್ತಿಂದ ಇತ್ತ

ದಾರಿ ಒಮ್ಮುಖವೇನೂ ಅಲ್ಲ. ಏಷ್ಯ, ಆಫ್ರಿಕದ ಹೊಸ ದೇಶಗಳ ಎಂಜಿನಿಯರುಗಳಿಗೆ ನೀರಾವರಿ ಕಲಿಸಲೆಂದೇ 1955ರಲ್ಲಿ ರೂರ್ಕಿಯಲ್ಲಿ ತರಬೇತಿ ಕೇಂದ್ರವೊಂದು ಆರಂಭವಾಯಿತು. 1950ರಲ್ಲಿ ಹುಟ್ಟಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿಯ ವಿದ್ಯಾರ್ಥಿವೇತನದಲ್ಲಿ ಹೊರದೇಶದವರು ಇಲ್ಲಿಗೆ ಓದಲು ಬಂದರು. ಸುರತ್ಕಲ್‌ನಂಥ ರಾಷ್ಟ್ರೀಯ ಸಂಸ್ಥೆಗಳಲ್ಲಿ 2001ರಿಂದ ಅವರಿಗೆ ಪ್ರತ್ಯೇಕ ಪ್ರವೇಶ ವ್ಯವಸ್ಥೆ ಬಂತು. ಉಳಿದ ಕಾಲೇಜುಗಳಲ್ಲೂ ತಾಂತ್ರಿಕ ಶಿಕ್ಷಣ ಮಂಡಳಿಯ ಅನುಮತಿ ಪಡೆದರೆ ಮಂಜೂರಾದ ಸೀಟುಗಳ ಮೇಲೆ ಶೇ 15ರಷ್ಟು ಹೆಚ್ಚುವರಿ ಸೀಟುಗಳನ್ನು ವಿದೇಶಿಯರಿಗೆ, ಭಾರತೀಯ ಮೂಲದವರಿಗೆ, ಕೊಲ್ಲಿ ದೇಶಗಳಲ್ಲಿ ದುಡಿಯುವವರ ಮಕ್ಕಳಿಗೆ ಕೊಡಬಹುದೆಂಬ ನಿಯಮ ಬಂತು. ಅದರಲ್ಲಿ ಮೂರನೆಯ ಒಂದು ಪಾಲು ಕೊಲ್ಲಿಯವರ ಮಕ್ಕಳದು.

ಹಾಗೆ ಬರುವವರೂ ವಿಚಾರಿಸಬೇಕಾದ್ದು ಇದನ್ನೇ: ಸಿವಿಲ್ ಕೋರ್ಸಿಗೆ ಮಾನ್ಯತೆ ಇದೆಯೇ, ಎಷ್ಟು ವರ್ಷಕ್ಕೆ, ತನ್ನ ದೇಶದಲ್ಲಿ ಈ ಪದವಿ ನಡೆಯುತ್ತದೆಯೇ. ಕಠ್ಮಂಡುವಿನಿಂದಲೋ ನೈರೋಬಿಯಿಂದಲೋ ಬಂದ ವಿದ್ಯಾರ್ಥಿಗೆ ಹಾಸನ ಜಿಲ್ಲೆ ಕೊಡಬಲ್ಲದ್ದು ಬೇರೆಯೇ ಇದೆ. ಒಂದೇ ದಿನದ ಬಸ್ ಪ್ರಯಾಣದಲ್ಲಿ ಕಟ್ಟೇಪುರದ ಅರಸರ ಕಾಲದ ಕಟ್ಟೆ, ಗೊರೂರಿನ ಆರು ಗೇಟು, ಬಾಗೂರಿನ ಸುರಂಗದ ಬಾಯಿ ಮೂರನ್ನೂ ನೋಡಿ, ಕತ್ತಲಾಗುವ ಮೊದಲು ಹಾಸ್ಟೆಲಿಗೆ ಮರಳಬಹುದು.